ಬೆನ್ನುನೋವಿಗೆ ಕುಡಿದ ಅರಿಷ್ಟ, ಕೋರ್ಟಿನಲ್ಲಿ ಹದಿನಾರು ತಿಂಗಳು

'ಕುಡಿದು ಗಾಡಿ ಓಡಿಸಿದವ' ಎಂಬ ಹೆಸರು ಹೊತ್ತು ನಾನು ಹದಿನಾರು ತಿಂಗಳು ಕೋರ್ಟಿಗೆ ಅಲೆದಿದ್ದೇನೆ. ಕೊನೆಗೆ ಬಿಡುಗಡೆ ಆಯಿತು. ಬಿಡುಗಡೆ ಆದದ್ದು ನಾನು ಅಂದುಕೊಂಡ ಕಾರಣಕ್ಕಲ್ಲ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಪಿಕಪ್, ಜೀಪು, ಬೈಕು ಇಲ್ಲದ ಕೃಷಿಕರ ಮನೆ ಈಗ ಕಡಿಮೆ. ನನಗೆ ಆದದ್ದು ನಿಮಗೂ ಆಗಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕುಡಿದು ಓಡಿಸಿ ತಪ್ಪಿಸಿಕೊಳ್ಳುವ ಉಪಾಯ ಈ ಲೇಖನದಲ್ಲಿ ಇಲ್ಲ. ಅಂಥದ್ದು ಹುಡುಕುವವರು ಪುಟ ತಿರುಗಿಸಬಹುದು.

ಆ ರಾತ್ರಿ ನಡೆದದ್ದು

2023ರ ಜುಲೈ ತಿಂಗಳು. ಅಡಿಕೆಗೆ ಎರಡನೇ ಸಲ ಮದ್ದು ಬಿಡುವ ಸಮಯ. ಪೇಟೆಯಿಂದ ಇಪ್ಪತ್ತು ಚೀಲ ಬೇವಿನ ಹಿಂಡಿ ಪಿಕಪ್‌ನಲ್ಲಿ ಹೇರಿಕೊಂಡು ಬರುವಾಗ ದಾರಿಯಲ್ಲಿ ಅಕ್ಕನ ಮನೆಗೆ ಹೋದೆ. ಭಾವ ಬಿಡಲಿಲ್ಲ, ಊಟ ಮಾಡಿಯೇ ಹೊರಟೆ. ಬೆನ್ನುನೋವಿಗೆ ವೈದ್ಯರು ದಶಮೂಲಾರಿಷ್ಟ ಕೊಟ್ಟಿದ್ದರು. ಊಟ ಆದ ಮೇಲೆ ಸಮ ನೀರು ಬೆರೆಸಿ ಕುಡಿಯಬೇಕು. ಗಾಡಿ ಹತ್ತಿದ ಮೇಲೆ ನೆನಪಾಯಿತು. ಚೀಲದಲ್ಲಿದ್ದ ಬಾಟಲಿಯಿಂದ ಎರಡು ಮುಚ್ಚಳ, ಅಂದಾಜು 30 ಮಿಲಿ, ನೀರಿಲ್ಲದೆ ಹಾಗೆಯೇ ಕುಡಿದೆ.

ಐದು ನಿಮಿಷ ಆಗಿರಲಿಕ್ಕಿಲ್ಲ. ಮುಖ್ಯರಸ್ತೆಗೆ ಸೇರುವಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ಯಂತ್ರಕ್ಕೆ ಊದಲು ಹೇಳಿದರು. ಊದಿದೆ. 74 ಎಂದು ತೋರಿಸಿತು.

'ನಾನು ಜೀವಮಾನದಲ್ಲಿ ಕುಡಿದವನಲ್ಲ ಸಾರ್, ಇದು ಅರಿಷ್ಟ' ಎಂದು ಬಾಟಲಿ ತೋರಿಸಿದೆ. ಒಬ್ಬರು ನಕ್ಕರು. 'ಎಲ್ಲರೂ ಮದ್ದೇ ಕುಡಿಯುವುದು ಮಾರಾಯ್ರೆ' ಎಂದರು. ಇನ್ನೊಮ್ಮೆ ಊದುತ್ತೇನೆ ಎಂದು ಕೇಳಿದೆ. ಯಂತ್ರ ಇನ್ನೊಂದು ಗಾಡಿಗೆ ಹೋಗಿ ಆಗಿತ್ತು. ಚೀಟಿಗೆ ಸಹಿ ಹಾಕಿಸಿದರು, ಲೈಸೆನ್ಸ್ ತೆಗೆದುಕೊಂಡರು, ಗಾಡಿ ಠಾಣೆಗೆ ಹೋಯಿತು. ನಾನು ರಾತ್ರಿ ಹನ್ನೊಂದೂವರೆಗೆ ಭಾವನ ಬೈಕಿನ ಹಿಂದೆ ಕುಳಿತು ಮನೆಗೆ ಬಂದೆ.

ಮೂರನೇ ದಿನ ಆರ್.ಸಿ., ವಿಮೆ, ಬಾಂಡು ಎಲ್ಲ ಕೊಟ್ಟು, ಕೋರ್ಟಿನ ಆದೇಶದ ಮೇಲೆ ಗಾಡಿ ಬಿಡಿಸಿಕೊಂಡೆ. ಅಷ್ಟರಲ್ಲಿ ಹಿಂಡಿ ಚೀಲಗಳು ಮಳೆಗೆ ನೆನೆದು ಬಿಸಿಯಾಗಿ ಬೂಸಲು ಹಿಡಿದಿದ್ದವು.

ಕಾನೂನು ಎಂತ ಹೇಳುತ್ತದೆ?

ನಮ್ಮ ಪರವಾಗಿ ವಾದಿಸಿದ ವಕೀಲರು ಕೃಷಿಕರ ಮನೆಯವರೇ. ಅವರು ಒಂದು ಸಂಜೆ ಕುಳಿತು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಇದಕ್ಕೆ ಸಂಬಂಧಿಸಿದ್ದು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದು ವಾಹನ ಓಡಿಸಿದರೆ ಅಥವಾ ಓಡಿಸಲು ಹೊರಟರೆ ಅಪರಾಧ. ಬೈಕು, ಪಿಕಪ್ ಮಾತ್ರ ಅಲ್ಲ, ಟ್ರಾಕ್ಟರ್ ಕೂಡ ಮೋಟಾರು ವಾಹನವೇ. 2019ರ ಸೆಪ್ಟೆಂಬರ್ 1ರಿಂದ ಶಿಕ್ಷೆ ಏರಿದೆ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೇ ಸಲಕ್ಕೆ 2 ವರ್ಷದವರೆಗೆ ಜೈಲು, ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ. ಅದಕ್ಕೆ ಮೊದಲು ಮೊದಲ ಸಲದ ದಂಡ ಹೆಚ್ಚೆಂದರೆ 2,000 ಇತ್ತು.

ಹೆಲ್ಮೆಟ್ ಇಲ್ಲದ್ದಕ್ಕೆ ಕಟ್ಟಿದ ಹಾಗೆ ಇದಕ್ಕೆ ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವ ದಾರಿ ಕಾಯ್ದೆಯಲ್ಲಿ ಇಲ್ಲ. ಕೋರ್ಟಿಗೇ ಹೋಗಬೇಕು. 'ಇಲ್ಲೇ ಕೊಟ್ಟು ಮುಗಿಸಿ' ಎಂದು ಯಾರಾದರೂ ಹೇಳಿದರೆ ಅದು ದಂಡ ಅಲ್ಲ ಎಂದು ತಿಳಿಯಿರಿ. ಇದು ಜಾಮೀನು ಸಿಗುವ ಅಪರಾಧ, ಆದ್ದರಿಂದ ಮಂಡೆಬಿಸಿ ಮಾಡಿಕೊಳ್ಳಬೇಡಿ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಕುಡಿದವನ ಕೈಗೆ ಗೊತ್ತಿದ್ದೂ ಕೀ ಕೊಟ್ಟು ಕಳುಹಿಸಿದ ಯಜಮಾನನೂ 188ನೇ ಕಲಂ ಪ್ರಕಾರ ಅದೇ ಶಿಕ್ಷೆಗೆ ಗುರಿ. 'ಡ್ರೈವರ್ ಸ್ವಲ್ಪ ಹಾಕಿದ್ದಾನೆ, ಆದರೂ ಒಂದು ಟ್ರಿಪ್ ಹೋಗಿ ಬರಲಿ' ಎನ್ನುವವರು ಇದನ್ನು ಎರಡು ಸಲ ಓದಿ.

ಯಂತ್ರದ ಒಳಗುಟ್ಟು

ಊದುವ ಯಂತ್ರ ರಕ್ತವನ್ನು ನೋಡುವುದಿಲ್ಲ, ಉಸಿರನ್ನು ನೋಡುತ್ತದೆ. ಕುಡಿದ ಮದ್ಯಸಾರ ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶದ ಗಾಳಿಗೆ ಬರುತ್ತದೆ. ಸುಮಾರು 2,100 ಮಿಲಿ ಉಸಿರಿನಲ್ಲಿ ಇರುವಷ್ಟು ಮದ್ಯಸಾರ 1 ಮಿಲಿ ರಕ್ತದಲ್ಲಿ ಇರುತ್ತದೆ ಎಂಬ ಲೆಕ್ಕದ ಮೇಲೆ ಯಂತ್ರ ಅಂಕೆ ತೋರಿಸುತ್ತದೆ.

ಈ ಲೆಕ್ಕ ಸರಿಯಾಗಬೇಕಾದರೆ ಗಾಳಿ ಶ್ವಾಸಕೋಶದ ಆಳದಿಂದ ಬರಬೇಕು. ಈಗಷ್ಟೇ ಏನಾದರೂ ಕುಡಿದಿದ್ದರೆ ಬಾಯಿಯಲ್ಲಿ, ಹಲ್ಲಿನ ಸಂದಿನಲ್ಲಿ ಉಳಿದ ಮದ್ಯಸಾರ ನೇರ ಯಂತ್ರಕ್ಕೆ ಹೋಗುತ್ತದೆ. ಆಗ ಅಂಕೆ ಸುಳ್ಳೇ ಮೇಲೇರುತ್ತದೆ. ಹದಿನೈದು ಇಪ್ಪತ್ತು ನಿಮಿಷ ಕಾದರೆ ಬಾಯಿಯದ್ದು ಆರಿಹೋಗುತ್ತದೆ, ರಕ್ತದಲ್ಲಿ ಇದ್ದರೆ ಅದು ಉಳಿಯುತ್ತದೆ. ಎರಡನ್ನೂ ಬೇರ್ಪಡಿಸಲು ಕಾದು ಮತ್ತೆ ಊದಿಸುವುದೇ ಸುಲಭದ ದಾರಿ.

ಅರಿಷ್ಟ, ಆಸವಗಳಲ್ಲಿ ಹುಳಿಯುವಾಗ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ. ಬಾಟಲಿಯ ಚೀಟಿಯಲ್ಲೇ ಅದನ್ನು ಬರೆದಿರುತ್ತಾರೆ, ನಾವು ಓದುವುದಿಲ್ಲ ಅಷ್ಟೆ. ನನ್ನ ಮಗಳು ಕಾಗದದಲ್ಲಿ ಲೆಕ್ಕ ಹಾಕಿ ತೋರಿಸಿದಳು. ಶೇಕಡಾ 8 ಎಂದು ಹಿಡಿದರೆ 30 ಮಿಲಿಯಲ್ಲಿ 2.4 ಮಿಲಿ ಮದ್ಯಸಾರ, ತೂಕದಲ್ಲಿ 2 ಗ್ರಾಂಗಿಂತ ಸ್ವಲ್ಪ ಕಡಿಮೆ. ನನ್ನಂಥ 60 ಕಿಲೋ ಗಂಡಸಿಗೆ ಅದು 100 ಮಿಲಿ ರಕ್ತಕ್ಕೆ 5 ಮಿಲಿಗ್ರಾಂ ಆದೀತು. 74 ಆಗಲು ಸಾಧ್ಯವೇ ಇಲ್ಲ. ಯಂತ್ರ ಹಿಡಿದದ್ದು ನನ್ನ ಬಾಯಿಯನ್ನು.

ಅದೇ ಲೆಕ್ಕವನ್ನು ಕುಡಿಯುವವರಿಗೂ ಹಾಕಿ ನೋಡಿದೆವು. ಅಂದಾಜು ಲೆಕ್ಕ, ಖಾಲಿ ಹೊಟ್ಟೆ ತುಂಬಿದ ಹೊಟ್ಟೆ ಎಂದು ಹೆಚ್ಚುಕಡಿಮೆ ಆಗುತ್ತದೆ. 30 ಮಿಲಿಯ ಒಂದು ಪೆಗ್ ವಿಸ್ಕಿಗೆ 25ರ ಹತ್ತಿರ. ಒಂದು ದೊಡ್ಡ ಬಾಟಲಿ ಸಾದಾ ಬಿಯರಿಗೆ 60 ದಾಟುತ್ತದೆ. ಒಂದು ಕ್ವಾರ್ಟರಿಗೆ ಸುಮಾರು 150, ಅಂದರೆ ಮಿತಿಯ ಐದು ಪಾಲು. ಅದು ಇಳಿಯುವುದು ಗಂಟೆಗೆ 15ರಷ್ಟು ಮಾತ್ರ. ಮಜ್ಜಿಗೆ ಕುಡಿದರೂ, ತಲೆಗೆ ತಣ್ಣೀರು ಹೊಯ್ದುಕೊಂಡರೂ ಬೇಗ ಇಳಿಯುವುದಿಲ್ಲ. ರಾತ್ರಿ ಹತ್ತಕ್ಕೆ ಒಂದು ಕ್ವಾರ್ಟರ್ ಮುಗಿಸಿದವನು ಬೆಳಿಗ್ಗೆ ಐದಕ್ಕೆ ಬಾಳೆಗೊನೆ ಹೇರಿಕೊಂಡು ಸಂತೆಗೆ ಹೊರಟರೆ, 'ನಾನು ನಿನ್ನೆ ಕುಡಿದದ್ದು' ಎಂದು ಹೇಳಿ ಪ್ರಯೋಜನ ಇಲ್ಲ. ರಕ್ತದಲ್ಲಿ ಇನ್ನೂ ಉಂಟು.

ಒಪ್ಪಿಕೊಳ್ಳುವುದೋ, ಹೋರಾಡುವುದೋ?

ಊರಿನಲ್ಲಿ ಕೇಳಿದವರೆಲ್ಲ ಒಂದೇ ಮಾತು ಹೇಳಿದರು: 'ತಪ್ಪಾಯಿತು ಎಂದು ಹೇಳಿ ಹತ್ತು ಸಾವಿರ ಕಟ್ಟಿ ಬನ್ನಿ. ವಕೀಲರಿಗೆ ಕೊಡುವುದೂ ಅಷ್ಟೇ ಆಗುತ್ತದೆ.' ನಾನೂ ಹಾಗೆಯೇ ಯೋಚಿಸಿದ್ದೆ. ಮದ್ದು ಬಿಡುವ ಕಾಲದಲ್ಲಿ ಕೋರ್ಟಿಗೆ ಯಾರು ಅಲೆಯುವುದು?

ವಕೀಲರು ಕೇಳಿದರು, 'ನೀವು ನಿಜವಾಗಿ ಕುಡಿದಿದ್ದಿರಾ?' ಇಲ್ಲ ಎಂದೆ. 'ಹಾಗಾದರೆ ಒಪ್ಪಿಕೊಳ್ಳುವ ಮೊದಲು ಇಷ್ಟು ತಿಳಿಯಿರಿ' ಎಂದರು. ಒಪ್ಪಿಕೊಂಡರೆ ಅದು ದಂಡದ ರಶೀದಿ ಮಾತ್ರ ಅಲ್ಲ, ಶಿಕ್ಷೆ ಆದ ದಾಖಲೆ. ಮುಂದೆ ಇನ್ನೊಮ್ಮೆ ಹೀಗಾದರೆ ಅದು ಎರಡನೇ ಅಪರಾಧ. ಓಡಿಸದ ಹಾಗೆ ಕೋರ್ಟು ಲೈಸೆನ್ಸಿಗೂ ತಡೆ ಹಾಕಬೇಕು ಎಂದೇ ಕಾಯ್ದೆಯಲ್ಲಿ ಇದೆ. ಒಪ್ಪಿಕೊಂಡ ಮೇಲೆ ಅರಿಷ್ಟದ ಕತೆ ಯಾರಿಗೂ ಹೇಳುವ ಹಾಗಿಲ್ಲ.

ಮನೆಗೆ ಬಂದು ಮಗಳ ಮುಖ ನೋಡಿದೆ. ಅಪ್ಪ ಕುಡಿದು ಸಿಕ್ಕಿಬಿದ್ದನಂತೆ ಎಂದು ಅವಳ ಕಾಲೇಜಿನ ಬಸ್ಸಿನಲ್ಲಿ ಆಗಲೇ ಮಾತು ಹುಟ್ಟಿತ್ತು. ಹೋರಾಡುವುದು ಎಂದು ತೀರ್ಮಾನಿಸಿದೆ.

ಆದರೆ ಲೈಸೆನ್ಸಿನ ವಿಷಯ ಕೋರ್ಟಿಗೆ ಕಾಯಲಿಲ್ಲ. ಪೊಲೀಸರು ಅದನ್ನು ಸಾರಿಗೆ ಕಚೇರಿಗೆ ಕಳುಹಿಸಿದ್ದರು. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳು ಅಮಾನತು ಮಾಡುವ ಅಧಿಕಾರ ಅವರಿಗೆ ಉಂಟು. ನಮ್ಮ ಮಾತು ಕೇಳಿಯೇ ಮಾಡಬೇಕು. ನೋಟಿಸು ಬಂದಾಗ ಲಿಖಿತ ಉತ್ತರ ಕೊಟ್ಟೆ. ಅವರು ಒಪ್ಪಲಿಲ್ಲ. ಮೂರು ತಿಂಗಳು ಬೇರೆಯವರನ್ನು ಕೂಲಿಗೆ ಹಿಡಿದು ಗಾಡಿ ಓಡಿಸಿದೆ. ಕೋರ್ಟಿನಲ್ಲಿ ಗೆದ್ದ ಮೇಲೂ ಆ ಖರ್ಚು ವಾಪಸು ಬರಲಿಲ್ಲ.

ಕೋರ್ಟಿನ ಒಳಗೆ

ಮೊದಲ ವಾಯಿದೆಯ ದಿನ ನ್ಯಾಯಾಧೀಶರು ಆಪಾದನೆ ಓದಿ ಹೇಳಿ, ಒಪ್ಪುತ್ತೀರಾ ಎಂದು ಕೇಳಿದರು. ನನ್ನ ಮೊದಲು ನಿಂತ ನಾಲ್ವರೂ ಒಪ್ಪಿದರು. ನನ್ನ ಕಾಲು ನಡುಗುತ್ತಿತ್ತು. 'ಇಲ್ಲ ಸ್ವಾಮಿ' ಎಂದೆ. ಅಲ್ಲಿಂದ ವಿಚಾರಣೆ ಸುರು.

ಒಟ್ಟು ಹನ್ನೊಂದು ವಾಯಿದೆ. ಎರಡು ಸಲ ಸಾಕ್ಷಿ ಬರಲಿಲ್ಲ, ಒಂದು ಸಲ ನ್ಯಾಯಾಧೀಶರು ರಜೆ. ಮರುವರ್ಷದ ಮದ್ದು ಬಿಡುವ ದಿನವೇ ಒಂದು ವಾಯಿದೆ ಬಿತ್ತು. ಆ ದಿನ ವಕೀಲರು ಗೈರುಹಾಜರಿಗೆ ವಿನಾಯಿತಿ ಅರ್ಜಿ ಹಾಕಿದರು. ಅರ್ಜಿ ಇಲ್ಲದೆ ತಪ್ಪಿಸಿಕೊಂಡರೆ ವಾರಂಟು ಬರುತ್ತದೆ, ನೆನಪಿರಲಿ.

ನಾನು ಅರಿಷ್ಟದ ಬಾಟಲಿ, ವೈದ್ಯರ ಚೀಟಿ, ಮಗಳ ಲೆಕ್ಕದ ಕಾಗದ ಎಲ್ಲ ಜೋಪಾನವಾಗಿ ಇಟ್ಟುಕೊಂಡು, ಇದನ್ನು ತೋರಿಸಿದರೆ ಕೇಸು ಮುಗಿಯಿತು ಎಂದು ತಿಳಿದಿದ್ದೆ. ವಕೀಲರು ತಲೆ ಆಡಿಸಿದರು. 'ಎಂತ ಕುಡಿದಿರಿ ಎಂದು ಕಾನೂನು ಕೇಳುವುದಿಲ್ಲ. ರಕ್ತದಲ್ಲಿ 30ಕ್ಕಿಂತ ಹೆಚ್ಚು ಇತ್ತೋ ಇಲ್ಲವೋ, ಅಷ್ಟೇ ಪ್ರಶ್ನೆ. ಅರಿಷ್ಟ ಕುಡಿದೇ 30 ದಾಟಿದರೂ ಅಪರಾಧವೇ. ನಾವು ನೋಡಬೇಕಾದದ್ದು, ಆ 74ನ್ನು ಅವರು ಸಾಬೀತು ಮಾಡುತ್ತಾರಾ ಎಂದು.'

ಸಾಬೀತು ಮಾಡುವ ಹೊಣೆ ಆಪಾದನೆ ಹೊರಿಸಿದವರದ್ದು. ನಾವು ಕುಡಿದಿಲ್ಲ ಎಂದು ಸಾಧಿಸಬೇಕಾಗಿಲ್ಲ. ಇದು ನನ್ನ ತಲೆಗೆ ಹೋಗಲು ತಿಂಗಳುಗಳೇ ಬೇಕಾದವು.

ಚೀಟಿಯ ಪ್ರತಿ ತೆಗೆಸಿ ನೋಡಿದಾಗ ವಿಷಯ ಹೊರಬಂತು. ದೂರಿನಲ್ಲಿ ನನ್ನನ್ನು ತಡೆದ ಸಮಯ ರಾತ್ರಿ 9.45. ಯಂತ್ರದ ಚೀಟಿಯಲ್ಲಿ ಪರೀಕ್ಷೆಯ ಸಮಯ 8.58. ತಡೆಯುವ ಮೊದಲೇ ಊದಿದ್ದು ಹೇಗೆ? ಚೀಟಿಯಲ್ಲಿ ಗಾಡಿ ನಂಬರಿನ ಕೊನೆಯ ಅಂಕೆಯೂ ಬೇರೆ. ಯಂತ್ರ ಸರಿ ಇದೆಯೇ ಎಂದು ಕೊನೆಯ ಸಲ ಪರೀಕ್ಷೆ ಮಾಡಿಸಿದ ಪತ್ರ ಹಾಜರು ಮಾಡಿರಲಿಲ್ಲ.

ಪಾಟೀಸವಾಲಿನಲ್ಲಿ ನಮ್ಮ ವಕೀಲರು ಗಟ್ಟಿಯಾಗಿ ಮಾತಾಡಲೇ ಇಲ್ಲ. ಸಿನಿಮಾದ ಹಾಗೆ ಏನೂ ನಡೆಯಲಿಲ್ಲ. ಚೀಟಿ ಕೊಟ್ಟು, ಸಮಯ ಓದಿ ಎಂದರು. ಸಾಕ್ಷಿ ಓದಿದರು. ಯಂತ್ರದ ಗಡಿಯಾರ ಸರಿ ಇಟ್ಟಿರಲಿಲ್ಲ ಎಂದರು. ಆರೋಪಿ ಬಾಟಲಿ ತೋರಿಸಿದ್ದು ಹೌದಾ? ಹೌದು. ಇನ್ನೊಮ್ಮೆ ಊದಿಸಿದಿರಾ? ಇಲ್ಲ. ವೈದ್ಯರ ಬಳಿಗೆ ಕರೆದುಕೊಂಡು ಹೋದಿರಾ? ಇಲ್ಲ. ಪೊಲೀಸರಲ್ಲದ ಸಾಕ್ಷಿ ಯಾರಾದರೂ? ಇಲ್ಲ. ಅರ್ಧ ಗಂಟೆಯಲ್ಲಿ ಮುಗಿಯಿತು.

2024ರ ನವೆಂಬರಿನಲ್ಲಿ ತೀರ್ಪು ಬಂತು. ಆ ಚೀಟಿ ನನ್ನದೇ ಎಂಬುದರಲ್ಲಿ ಸಂಶಯ ಇದೆ, ಸಂಶಯದ ಲಾಭ ಆರೋಪಿಗೆ ಎಂದು ಬಿಡುಗಡೆ. ಅರಿಷ್ಟದ ಬಗ್ಗೆ ಒಂದು ಸಾಲೂ ಇಲ್ಲ!

ಇದನ್ನು ಮುಚ್ಚಿಡದೆ ಹೇಳಬೇಕು. ಚೀಟಿಯ ಸಮಯ, ನಂಬರು ಸರಿ ಇದ್ದು, ಯಂತ್ರದ ಪತ್ರವೂ ಇದ್ದಿದ್ದರೆ, ಕುಡಿಯದ ನಾನು ಸೋಲುವ ಸಾಧ್ಯತೆಯೇ ಹೆಚ್ಚಿತ್ತು. ಯಾಕೆಂದರೆ ಯಂತ್ರದ ಫಲಿತಾಂಶ ಸಾಕ್ಷ್ಯವಾಗಿ ನಡೆಯುತ್ತದೆ ಎಂದು ಕಾಯ್ದೆಯ 203ನೇ ಕಲಂ ಹೇಳುತ್ತದೆ. ರಕ್ತಪರೀಕ್ಷೆ ಇಲ್ಲದಿದ್ದರೆ ಕೇಸೇ ಬಿದ್ದುಹೋಗುತ್ತದೆ ಎಂದು ಕಟ್ಟೆಯಲ್ಲಿ ಕುಳಿತು ಹೇಳುವವರನ್ನು ನಂಬಬೇಡಿ. ಬರೇ ಬಾಯಿವಾಸನೆ, ತಡವರಿಸುವ ನಡಿಗೆ ನೋಡಿ ತೀರ್ಮಾನಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು 1971ರಲ್ಲೇ ಹೇಳಿದ್ದು ಹೌದು. ಆದರೆ ಸರಿಯಾದ ಯಂತ್ರದ ಚೀಟಿ ಇದ್ದರೆ ಅದು ಬೇರೆ ವಿಷಯ. ನನ್ನನ್ನು ನಿಜಕ್ಕೂ ಉಳಿಸಬಹುದಾಗಿದ್ದದ್ದು ಆ ರಾತ್ರಿಯೇ ಆಗಬೇಕಿದ್ದ ಎರಡನೇ ಊದು, ಅಥವಾ ರಕ್ತಪರೀಕ್ಷೆ. ಕೇಳಲು ನನಗೆ ಗೊತ್ತಿರಲಿಲ್ಲ.

ತಡೆದಾಗ ಎಂತ ಮಾಡಬೇಕು?

1. ಊದುವುದಿಲ್ಲ ಎಂದು ಹಟ ಮಾಡಬೇಡಿ. ನಿರಾಕರಿಸಿದರೆ ಬಂಧಿಸಬಹುದು. ಸರಿಯಾದ ಕಾರಣ ಇಲ್ಲದ ನಿರಾಕರಣೆ ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲ ಕೊಡುತ್ತದೆ ಎಂದು 205ನೇ ಕಲಂ ಹೇಳುತ್ತದೆ.

2. ಈಗಷ್ಟೇ ಮದ್ದು ಕುಡಿದಿದ್ದರೆ ಊದುವ ಮೊದಲೇ ಹೇಳಿ. ನೀರಿನಲ್ಲಿ ಬಾಯಿ ಮುಕ್ಕಳಿಸಿ, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಪರೀಕ್ಷಿಸಿ ಎಂದು ಕೇಳಿ. ಒಂದಕ್ಕಿಂತ ಹೆಚ್ಚು ಸಲ ಉಸಿರು ತೆಗೆದುಕೊಳ್ಳಲು ಕಾಯ್ದೆಯಲ್ಲೇ ಅವಕಾಶ ಉಂಟು.

3. ಊದುವ ಮೊದಲು ಯಂತ್ರ ಸೊನ್ನೆ ತೋರಿಸುತ್ತದೆಯೇ ನೋಡಿ. ಹೊಸ ಕೊಳವೆ ಹಾಕಲು ಹೇಳಿ.

4. ಸಹಿ ಹಾಕುವ ಮೊದಲು ಚೀಟಿಯ ಹೆಸರು, ಗಾಡಿ ನಂಬರು, ದಿನ, ಸಮಯ ಓದಿ. ತಪ್ಪಿದ್ದರೆ ಅಲ್ಲೇ ಹೇಳಿ, ಸಹಿಯ ಪಕ್ಕದಲ್ಲಿ ಬರೆಯಿರಿ.

5. ಅಂಕೆ ಒಪ್ಪಿಗೆ ಇಲ್ಲದಿದ್ದರೆ ರಕ್ತಪರೀಕ್ಷೆ ಮಾಡಿಸಿ ಎಂದು ಸ್ಪಷ್ಟವಾಗಿ ಕೇಳಿ. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆ ಆಗಬೇಕು, ಇಲ್ಲವಾದರೆ ಬಿಡಬೇಕು ಎಂದು 202ನೇ ಕಲಂನಲ್ಲಿ ಇದೆ. ನಿಜವಾಗಿ ಕುಡಿದವನಿಗೆ ಇದು ಉಪಕಾರಕ್ಕೆ ಬರುವುದಿಲ್ಲ, ರಕ್ತ ಸುಳ್ಳು ಹೇಳುವುದಿಲ್ಲ.

6. ಚೀಟಿ ಕೈಗೆ ಸಿಕ್ಕಿದರೆ ಮರುದಿನವೇ ಜೆರಾಕ್ಸ್ ಮಾಡಿಸಿ. ಬಸ್ಸಿನ ಟಿಕೆಟಿನ ಹಾಗೆ ಆ ಕಾಗದದ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ.

7. ಜೊತೆಯಲ್ಲಿ ಕುಡಿಯದ, ಲೈಸೆನ್ಸ್ ಇರುವವರು ಇದ್ದರೆ ಗಾಡಿಯನ್ನು ಅವರ ಕೈಗೆ ಕೊಡಿ ಎಂದು ವಿನಂತಿಸಿ. ಹಾಲು, ತರಕಾರಿ, ಹಿಂಡಿ ಗಾಡಿಯಲ್ಲಿ ಇದ್ದರೆ ಅದನ್ನೂ ಹೇಳಿ.

8. ಮನೆಗೆ ಬಂದ ಕೂಡಲೇ ನಡೆದದ್ದನ್ನೆಲ್ಲ ಸಮಯ ಸಮೇತ ಬರೆದಿಡಿ. ವರ್ಷ ಕಳೆದ ಮೇಲೆ ನೆನಪು ಕೈಕೊಡುತ್ತದೆ.

ವಕೀಲರ ಶುಲ್ಕಕ್ಕೆ ಗತಿ ಇಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಕಡಿಮೆ ಆದಾಯದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ನೆರವು ಇದೆ. 15100ಕ್ಕೆ ಫೋನು ಮಾಡಿ ಕೇಳಬಹುದು.

ಕೊನೆಗಾರ ಬಂದು ಕೇಳಿದ್ದು

ನನಗೆ ಬಿಡುಗಡೆ ಆದ ಸುದ್ದಿ ಊರೆಲ್ಲ ಹಬ್ಬಿತು. ನಮ್ಮಲ್ಲಿಗೆ ಬರುವ ಕೊನೆಗಾರ ಒಂದು ದಿನ ಅಂಗಳದಲ್ಲಿ ನಿಂತ. ಬೈಕಿನಲ್ಲಿ ಹೋಗುವಾಗ ಸಿಕ್ಕಿಬಿದ್ದಿದ್ದ, ಅಂಕೆ 148. 'ಅಣ್ಣೇರೆ, ನಿಮ್ಮ ವಕೀಲರಿಗೆ ಹೇಳಿ ನನ್ನನ್ನೂ ಬಿಡಿಸಿ. ನಾನೂ ಅರಿಷ್ಟ ಕುಡಿದದ್ದು ಎಂದು ಹೇಳುತ್ತೇನೆ' ಎಂದ.

148ಕ್ಕೆ ಎಷ್ಟು ಬಾಟಲಿ ಅರಿಷ್ಟ ಬೇಕು ಎಂದು ನಾನು ಲೆಕ್ಕ ಹೇಳಿದೆ. ಇಬ್ಬರಿಗೂ ನಗು ಬಂತು. ಆದರೂ ವಕೀಲರ ಬಳಿಗೆ ಕರೆದುಕೊಂಡು ಹೋದೆ. ಅವರು ಕಾಗದಪತ್ರ ಎಲ್ಲ ನೋಡಿ, 'ಇದರಲ್ಲಿ ತಪ್ಪಿಲ್ಲ. ಕುಡಿದದ್ದು ಹೌದಾದರೆ ಒಪ್ಪಿಕೋ. ದಂಡ ಕಟ್ಟಲು ಸ್ವಲ್ಪ ಸಮಯ ಕೇಳೋಣ' ಎಂದರು. ಶುಲ್ಕ ತೆಗೆದುಕೊಳ್ಳಲಿಲ್ಲ. ಅವನು ಹತ್ತು ಸಾವಿರ ಕಟ್ಟಿದ. ಅರ್ಧ ನಾನು ಮುಂಗಡ ಕೊಟ್ಟೆ, ಕೊಯ್ಲಿನಲ್ಲಿ ವಜಾ ಮಾಡಿಕೊಂಡೆ. ಮರದ ತುದಿಯಲ್ಲಿ ಬಿಗಿಯಾಗಿ ನಿಲ್ಲುವವ, ಬೈಕಿನಲ್ಲಿ ಬಿದ್ದರೆ ಅವನ ಹೆಂಡತಿ ಮಕ್ಕಳಿಗೆ ಯಾರು? ಕುಡಿದು ಓಡಿಸಿದವನ ಗಾಡಿಯ ನಷ್ಟವನ್ನು ವಿಮೆಯವರೂ ಕೊಡುವುದಿಲ್ಲ.

ನನ್ನ ಖರ್ಚಿನ ಲೆಕ್ಕ: ವಕೀಲರಿಗೆ 15,000, ಡ್ರೈವರನ ಕೂಲಿ, ಹಾಳಾದ ಹಿಂಡಿ, ಹನ್ನೊಂದು ವಾಯಿದೆ. ಒಪ್ಪಿಕೊಂಡಿದ್ದರೆ ಖಂಡಿತ ಕಡಿಮೆಯಲ್ಲಿ ಮುಗಿಯುತ್ತಿತ್ತು. ಆದರೂ ಮಾಡದ ತಪ್ಪನ್ನು ಒಪ್ಪಲಿಲ್ಲ ಎಂಬ ಸಮಾಧಾನ ಉಂಟು. ತೀರ್ಪಿನ ದೃಢೀಕೃತ ಪ್ರತಿಯನ್ನು ಮಗಳೇ ಕಪಾಟಿನಲ್ಲಿ ಇಟ್ಟಿದ್ದಾಳೆ.

ಬೆನ್ನುನೋವು ಇನ್ನೂ ಇದೆ. ಅರಿಷ್ಟವನ್ನೂ ಕುಡಿಯುತ್ತೇನೆ, ರಾತ್ರಿ ಊಟದ ಮೇಲೆ, ಸಮ ನೀರು ಬೆರೆಸಿ, ಗಾಡಿಯ ಕೀ ಮೊಳೆಗೆ ನೇತುಹಾಕಿದ ಮೇಲೆ.